ಪೆಟ್ಟಿಗೆಯಲ್ಲೇ ಉಳಿದ ನಕ್ಷತ್ರ

ಡಿಸೆಂಬರ್ 11

ಕ್ರಿಸ್‌ಮಸ್ ನಕ್ಷತ್ರದ ವಿಷಯವನ್ನೇ ನಿನ್ನೆ ಬರೆಯುತ್ತಿದ್ದೆ, ಅಷ್ಟರಲ್ಲಿ ಕತ್ತಲಾಯಿತು. ಅದರ ಬಲ್ಬು ಹೋಗಿರಲಿಲ್ಲ. ಹೋಗಿದೆ ಎಂದು ಮೊಮ್ಮಗಳಿಗೆ ಸುಳ್ಳು ಹೇಳಿದ್ದು ನಾನು. ಇವತ್ತು ಬೆಳಿಗ್ಗೆ ನಾನು ಸ್ನಾನಕ್ಕೆ ಹೋದ ಸಮಯ ನೋಡಿ ಅವಳು ಬಾಗಿಲ ಹಿಂದಿನ ಪೆಟ್ಟಿಗೆಯಿಂದ ನಕ್ಷತ್ರ ತೆಗೆದು, ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ ಕೂತಿದ್ದಳು. ಒದ್ದೆ ತಲೆಯಲ್ಲಿ ಬಂದು ನೋಡಿದರೆ ಮನೆಯೆಲ್ಲ ಕೆಂಪು. ಹಾಲಿನ ಪಾತ್ರೆ ಕೂಡ ಕೆಂಪು.

"ತಾತ, ಇದು ಉರೀತಿದೆ."

"ಒಳಗೆ ಉರೀತದೆ. ಹೊರಗೆ ಹಾಕಿದ್ರೆ ಉರಿಯಲ್ಲ."

"ಯಾಕೆ?"

"ಚಳಿ."

"ದೀಪಕ್ಕೆ ಚಳಿ ಆಗುತ್ತಾ?"

ಟಿಕೆಟ್ ಇಲ್ಲದವನು ನಿದ್ದೆ ಬಂದ ಹಾಗೆ ನಟಿಸುವಾಗ ಟಿ.ಟಿ. ನೋಡುತ್ತಾನಲ್ಲ, ಹಾಗೆ ನೋಡಿದಳು. ಆರು ವರ್ಷದ ಹುಡುಗಿ. ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ, ಆದರೆ ಕಣ್ಣು ಹದ್ದಿನದು.

ನನ್ನ ಮಗಳು ಆಸ್ಪತ್ರೆಗೆ ಹೋಗಿ ಮೂರು ದಿನ. ಎಂಟನೇ ತಿಂಗಳು. ಸುಮ್ಮನೆ ತೋರಿಸಿಕೊಂಡು ಬರುತ್ತೇನೆಂದು ಹೋದವಳನ್ನು, ಬಿ.ಪಿ. ಏರಿದೆ, ಕಾಲು ಊದಿದೆ ಎಂದು ಅಲ್ಲೇ ಮಲಗಿಸಿಕೊಂಡಿದ್ದಾರೆ. ಅಳಿಯ ಹಡಗಿನ ಎಂಜಿನ್ ಕೋಣೆಯಲ್ಲಿದ್ದಾನೆ, ಯಾವ ಸಮುದ್ರದಲ್ಲೋ. ಬಾಣಂತನಕ್ಕೆಂದು ಪರದೇಶಕ್ಕೆ ಬಂದವನು ನಾನೊಬ್ಬನೇ. ಅವಳ ತಾಯಿ ಇದ್ದಿದ್ದರೆ ಅವಳು ಬರುತ್ತಿದ್ದಳು. ಗಂಡಸು ಬಾಣಂತನಕ್ಕೆ ಹೊರಟ ಎಂದು ಊರಿನ ಚರ್ಚಿನ ನಮ್ಮ ಸಭೆಯವರೆಲ್ಲ ನಕ್ಕರು. ನಗಲಿ ಬಿಡಿ. ನನಗೂ ನಗು ಬಂದಿತ್ತು ಆಗ.

ಆಸ್ಪತ್ರೆಗೆ ಹೊರಡುವಾಗ ಮಗಳು ಹೇಳಿದ್ದು ಇಷ್ಟೇ: "ಅಪ್ಪ, ಆ ನಕ್ಷತ್ರ ಹಾಕ್ಬಿಡಿ. ನಾನು ಬರೋವಾಗ ತಿರುವಿನಿಂದ್ಲೇ ಕಾಣ್ಬೇಕು."

ಪೆಟ್ಟಿಗೆ ತೆರೆದರೆ ಕೆಂಪು. ಹಳದಿಯಲ್ಲ, ಬಿಳಿಯಲ್ಲ, ಅಪ್ಪಟ ಕೆಂಪು. ಈ ಬೀದಿಯ ಎಲ್ಲ ಮನೆಗಳ ಮುಂದೆ ದೀಪಗಳಿವೆ. ಇಂಥ ಕೆಂಪು ಒಂದೂ ಇಲ್ಲ. ಮೂವತ್ತೈದು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವನು ನಾನು. ಬರಬೇಕಾದವಳು ಇರುವಾಗ ಬಾಗಿಲಿಗೆ ಕೆಂಪು ದೀಪ ಕಟ್ಟಲು ನನ್ನ ಕೈ ಏಳಲಿಲ್ಲ. ಬರಬೇಡ ಎಂದು ತೋರಿಸುವ ದೀಪ ಅದು. ಇದನ್ನು ಆ ಹುಡುಗಿಗೆ ಹೇಗೆ ಹೇಳುವುದು?


ಡಿಸೆಂಬರ್ 13

ಆಸ್ಪತ್ರೆಯಲ್ಲಿ ನೋಡಲು ಯಾರನ್ನೂ ಬಿಡುವುದಿಲ್ಲವಂತೆ, ಫೋನೇ ಗತಿ. ಮಾಡುವ ಮೊದಲು ಇಂಗ್ಲಿಷನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದರಲ್ಲಿ ಉಳಿದಿರುವುದು ರಜೆ ಚೀಟಿಯ ಇಂಗ್ಲಿಷ್ ಮಾತ್ರ.

"ಗುಡ್ ಮಾರ್ನಿಂಗ್ ಮೇಡಂ. ಐ ಬೆಗ್ ಟು ಇನ್‌ಕ್ವಾಯರ್ ಅಬೌಟ್ ಮೈ ಡಾಟರ್."

ಆ ಕಡೆ ನರ್ಸಮ್ಮ ಯಾವುದೋ ಹಾಳೆ ತಿರುವಿದಳು. ಆಮೇಲೆ, ಸ್ಟೇಬಲ್ ಎಂದಳು. ಅವಳ ಇಂಗ್ಲಿಷನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಐ ರಿಪೀಟ್. ಸ್ಟೇಬಲ್."

"ಹೌದು."

"ಬಿ.ಪಿ. ಹೈ, ಬಟ್ ಸ್ಟೇಬಲ್. ಕರೆಕ್ಟ್?"

"ಕರೆಕ್ಟ್. ಸರ್, ನಾನು ಹೇಳಿದ್ದನ್ನೇ ಯಾಕೆ ಮತ್ತೆ ಹೇಳ್ತಿದ್ದೀರಿ?"

ನಮ್ಮಲ್ಲಿ ಹಾಗೆಯೇ ಅಮ್ಮ, ಎನ್ನಬೇಕೆನ್ನಿಸಿತು. ಪಕ್ಕದ ಸ್ಟೇಷನ್ನಿನವನು ಫೋನಿನಲ್ಲಿ ಏನೇ ಹೇಳಲಿ, ಅದನ್ನು ಅವನಿಗೇ ತಿರುಗಿ ಒಪ್ಪಿಸಬೇಕು. ಅವನು ಸರಿ ಎಂದ ಮೇಲೆ ಮಾತ್ರ ಗಾಡಿ ಬಿಡುವುದು. ಒಂದು ಸಾರಿ ಕಿವಿಗೆ ಬಿದ್ದದ್ದು ಸುದ್ದಿಯಲ್ಲ. ಇಷ್ಟನ್ನೆಲ್ಲ ಹೇಳುವಷ್ಟು ಇಂಗ್ಲಿಷ್ ನನಗೆಲ್ಲಿ? "ಹ್ಯಾಬಿಟ್, ಮೇಡಂ" ಎಂದೆ.

ಫೋನನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರೆ ನಡುಗುತ್ತಿರುವುದು ಅದೋ ಎದೆಯೋ ತಿಳಿಯುವುದಿಲ್ಲ. ಮೇಜಿನ ಮೇಲೆ ಇಟ್ಟರೆ ಅದನ್ನೇ ನೋಡುತ್ತಾ ಕೂರುತ್ತೇನೆ. ಪಾಯಖಾನೆಗೆ ಹೋಗಲೂ ಹೆದರಿಕೆ. ಇದನ್ನು ಬರೆಯಬಾರದಿತ್ತೇನೋ. ಯಾರು ಓದುತ್ತಾರೆ, ಬಿಡು.


ಡಿಸೆಂಬರ್ 16

ತಿರುವಿನಲ್ಲಿ ಒಂದು ಬೇಕರಿ ಇದೆ. ಅದರ ಯಜಮಾನ ನಮ್ಮ ಭಾಷೆಯವನು. ಮೊದಲ ದಿನ ಗುಬ್ಬಿ ಅವನ ಹತ್ತಿರ ಕನ್ನಡ ಆಡಿದ್ದು ಕೇಳಿ ನನ್ನ ಕಣ್ಣು ಒದ್ದೆಯಾಗಿತ್ತು. ಈಗ ಅಭ್ಯಾಸವಾಗಿದೆ, ಅವನ ಬಾಯಿಯೂ ಅಭ್ಯಾಸವಾಗಿದೆ.

"ಬನ್ನಿ ಸ್ಟೇಷನ್ ಮಾಸ್ಟ್ರೇ. ಊರಿಗೆಲ್ಲ ನಕ್ಷತ್ರ ಬಂತು, ನಿಮ್ಮನೇಗೆ ಯಾಕೆ ಬಂದಿಲ್ಲ?"

ಗುಬ್ಬಿ ನನಗಿಂತ ಮೊದಲೇ ಹೇಳಿದಳು. "ತಾತ ಹಾಕಲ್ವಂತೆ. ದೀಪಕ್ಕೆ ಚಳಿ ಆಗುತ್ತಂತೆ."

ಅವನು ಅವಳಿಗೆ ಬಿಸಿ ಬನ್ನು ಕೊಟ್ಟು ಒಳಗೆ ತನ್ನ ಹೆಂಡತಿಯ ಹತ್ತಿರ ಕಳಿಸಿದ. ನಾನು ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಕೆಂಪು ಎಂದರೆ ನಿಲ್ಲು ಎಂದು, ಮಗಳು ಬರುವ ದಾರಿಯಲ್ಲಿ ನಾನೇ ಅದನ್ನು ಹೇಗೆ ಇಡಲಿ ಎಂದು.

ಹಿಟ್ಟಿನ ಕೈಯಿಂದಲೇ ಹಣೆ ಒರೆಸಿಕೊಂಡು ನಕ್ಕ. "ನಮ್ಮ ಓವನ್ನಿಗೂ ಕೆಂಪು ದೀಪಾನೇ ಇರೋದು. ಅದು ಉರೀತಿದ್ರೆ ಒಳಗೆ ಏನೋ ಬೇಯ್ತಿದೆ ಅಂತ. ಆರಿಹೋದ್ರೆ ನಾನು ಹೆದರ್ಕೋತೀನಿ."

"ನಿನ್ನ ಓವನ್ ಬೇರೆ, ನನ್ನ ಮಗಳು ಬೇರೆ."

"ಅಯ್ಯೋ, ಕೋಪ ಮಾಡ್ಕೋಬೇಡಿ. ಹೊಟ್ಟೇಲಿ ಮಗು ಇದೆ ಅಂದ್ರೆ ನನಗೆ ಓವನ್ನೇ ನೆನಪಾಗೋದು."

ಗೇಟಿನ ಕಥೆಯನ್ನು ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. ಹೆಂಡತಿಗೆ ಆ ಸಂಜೆ ಉಸಿರು ಸಿಕ್ಕದಂತಾದಾಗ ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ನಾನು ನಿವೃತ್ತನಾಗಿ ಆಗಲೇ ಬಹಳ ಕಾಲವಾಗಿತ್ತು. ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ, ಉದ್ದಕ್ಕೂ ಉದ್ದ. ಯಾರ ತಪ್ಪೂ ಅಲ್ಲ. ಗೇಟ್ ಹಾಕಿದ್ದವನು ಸರಿಯಾಗಿಯೇ ಹಾಕಿದ್ದ. ಮುಂದೆ ಕೆಂಪು ದೀಪ. ಅವಳ ತಲೆ ನನ್ನ ಭುಜದ ಮೇಲಿತ್ತು. "ಹಾಲು ಒಲೆ ಮೇಲಿಟ್ಟಿದ್ದೆ, ಆರಿಸಿದ್ರಾ?" ಎಂದಳು. ಅದೇ ಕೊನೆಯ ಮಾತು. ಜೀವಮಾನವಿಡೀ ಬೇರೆಯವರಿಗೆ ತೋರಿಸಿದ ಕೆಂಪನ್ನು ಅವತ್ತು ನಾನು ಆ ಕಡೆಯಿಂದ ನೋಡಿದೆ. ಡಾಕ್ಟರು ಆಮೇಲೆ, ಗೇಟ್ ತೆರೆದಿದ್ದರೂ ಅಷ್ಟೇ ಎಂದರು. ಇರಬಹುದು. ಕಣ್ಣಿಗೆ ಅದನ್ನು ಹೇಳಿ ಒಪ್ಪಿಸುವುದು ಹೇಗೆ?


ಡಿಸೆಂಬರ್ 19

ಇವತ್ತು ಒಂದು ಉಪಾಯ ಮಾಡಿ ಕೆಟ್ಟೆ.

ಪುಸ್ತಕದ ಅಂಗಡಿಯಿಂದ ಹಸಿರು ಕಾಗದ ತಂದೆ, ಬೆಳಕು ಹಾಯುವ ತೆಳು ಕಾಗದ. ಗುಬ್ಬಿ ಶಾಲೆಯಿಂದ ಬರುವುದರೊಳಗೆ ನಕ್ಷತ್ರದ ಐದು ಮೂಲೆಗೂ ಅಂಟಿಸಿಬಿಟ್ಟೆ. ಅಂಟಿಸುವಾಗ ಎಷ್ಟು ಸಮಾಧಾನ! ಹಸಿರು ದೀಪ, ದಾರಿ ಬಿಟ್ಟಿದೆ, ಬಾ ಮಗಳೇ. ಒಬ್ಬನೇ ಹಾಡಿಕೊಂಡೆ ಕೂಡ, ನಮ್ಮ ಸಭೆಯಲ್ಲಿ ಮನೆಮನೆಗೆ ಹೋಗಿ ಹಾಡುತ್ತಿದ್ದ ಹಾಡು. ಪರದೇಶಕ್ಕೆ ಬಂದ ಮೇಲೆ ಅದೇ ಮೊದಲು.

ಸ್ವಿಚ್ ಹಾಕಿದೆ. ಬೆಳಕು ಬರಲಿಲ್ಲ. ಹಾಗಲ್ಲ, ಒಳಗೆ ಬಲ್ಬು ಉರಿಯುತ್ತಿತ್ತು. ಕೆಂಪಿನ ಮೇಲೆ ಹಸಿರು ಕೂತು ಎರಡೂ ಒಂದನ್ನೊಂದು ನುಂಗಿ ನಕ್ಷತ್ರ ಕಪ್ಪಾಗಿತ್ತು. ಇದ್ದಿಲಿನ ಹಾಗೆ. ನಮ್ಮ ಕೆಲಸದಲ್ಲಿ ಕೆಂಪಿಗಿಂತ ಕೆಟ್ಟದ್ದು ಅದೇ, ಉರಿಯದ ಸಿಗ್ನಲ್. ಡ್ರೈವರನಿಗೆ ಏನೂ ತಿಳಿಯುವುದಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿ ನೋಡಿದೆ, ಅದೇ ಕಪ್ಪು.

ಆ ಹೊತ್ತಿಗೇ ಗುಬ್ಬಿ ಬಂದಳು.

"ಅಮ್ಮನ ನಕ್ಷತ್ರ ಸಾಯಿಸಿಬಿಟ್ಟೆ!"

"ಹಾಗನ್ನಬೇಡ ಕಂದ. ಹಾಗೆಲ್ಲ ಅನ್ನಬಾರದು."

"ಸಾಯಿಸಿದೆ! ಸಾಯಿಸಿದೆ!"

ಆ ಪದ ಅವಳ ಬಾಯಿಂದ ಮತ್ತೆ ಬರದ ಹಾಗೆ ಕೈ ಅಡ್ಡ ಹಿಡಿದೆ. ಅವಳು ಕಚ್ಚಿದಳು. ಆಮೇಲೆ ಇಬ್ಬರೂ ಕೂತು ಹಸಿರು ಕಾಗದ ಕೀಳತೊಡಗಿದೆವು. ಒಂದು ಮೂಲೆಯ ಕೆಂಪೂ ಕಿತ್ತುಬಂತು. ಗುಬ್ಬಿ ತನ್ನ ಮೊಣಕಾಲಿನ ಗಾಯಕ್ಕೆ ಹಾಕುವ ಪ್ಲಾಸ್ಟರ್ ತಂದು ಹರಿದಲ್ಲಿ ಅಂಟಿಸಿದಳು. ಅದನ್ನು ಊದಿದಳು ಬೇರೆ, ಗಾಯ ಉರಿಯದಿರಲಿ ಎಂದು. ಮತ್ತೆ ಪೆಟ್ಟಿಗೆಗೆ ಹಾಕಿದೆವು. ಕೈಯಲ್ಲಿ ಅವಳ ಹಲ್ಲಿನ ಗುರುತು ಇನ್ನೂ ಇದೆ.


ಡಿಸೆಂಬರ್ 22

ಬಿ.ಪಿ. ಇಳಿಯುತ್ತಿಲ್ಲ. ನಾಳೆ ಆಪರೇಷನ್ ಮಾಡಿ ಮಗುವನ್ನು ತೆಗೆಯುತ್ತಾರಂತೆ. ನಾನು ರಿಪೀಟ್ ಮಾಡಿದೆ. ಮಗುವನ್ನು ಎನ್ನುವಲ್ಲಿ ತಪ್ಪಿ, ಮತ್ತೆ ಮೊದಲಿಂದ ಹೇಳಿದೆ. ನರ್ಸಮ್ಮ ಕರೆಕ್ಟ್ ಎಂದಳು.

ಮಗಳೇ ಮಾತಾಡಿದಳು ಆಮೇಲೆ. "ಅಪ್ಪ, ಗುಬ್ಬಿಗೆ ತಲೆ ಬಾಚ್ತಿದ್ದೀರಾ?" ಎಂದಳು. ಬಾಚುತ್ತಿದ್ದೇನೆ ಎಂದೆ. ತಾಯಿಯ ಹಾಗೆಯೇ. ಹೋಗುವಾಗ ಹಾಲಿನ ವಿಷಯ, ತಲೆ ಬಾಚುವ ವಿಷಯ. ಹೋಗುವಾಗ ಎಂದು ಯಾಕೆ ಬರೆದೆ? ಹೊಡೆದುಹಾಕುತ್ತೇನೆ. ಬೇಡ, ಹೊಡೆದುಹಾಕಿದರೂ ಬರೆದದ್ದು ಬರೆದದ್ದೇ.


ಡಿಸೆಂಬರ್ 23

ಗುಬ್ಬಿಯನ್ನು ಬೇಕರಿಯವನ ಹೆಂಡತಿ ಕರೆದುಕೊಂಡು ಹೋದಳು. ಹಬ್ಬದ ಗಿರಾಕಿಗಳ ನಡುವೆ ಅಂಗಡಿಯನ್ನು ಆಳುಗಳಿಗೆ ಬಿಟ್ಟು ಅವನು ಬಂದು ನನ್ನ ಜೊತೆ ಕೂತ. ಬೇಡ ಹೋಗಪ್ಪ ಎಂದೆ. "ನಾನು ನಿಮಗೋಸ್ಕರ ಬಂದಿಲ್ಲ, ನಿಂತು ನಿಂತು ಕಾಲು ನೋವು" ಎಂದ.

ಮಧ್ಯಾಹ್ನ ಫೋನ್ ಬಂತು. ಗಂಡು ಮಗು. ಪುಟ್ಟದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಉಸಿರಾಡುತ್ತಿದೆ. ಬೇಕರಿಯವನು ನನ್ನ ಬೆನ್ನು ತಟ್ಟಿದ. ನಾನು ಕೈ ಎತ್ತಿ ಅವನನ್ನು ತಡೆದೆ.

"ಅಂಡ್ ದಿ ಮದರ್?"

ರಕ್ತ ಬಹಳ ಹೋಗಿದೆ, ಇನ್ನೂ ಎಚ್ಚರವಾಗಿಲ್ಲ ಎಂದಳು ನರ್ಸಮ್ಮ.

ಅವನಿಗೆ ಆಗ ಹೇಳಿದೆ. ಗಾಡಿ ಸ್ಟೇಷನ್ನಿಗೆ ಬಂದರೆ ಬಂತು ಎನ್ನುವ ಹಾಗಿಲ್ಲ. ಎಂಜಿನ್ ಕಂಡು ಸಂತೋಷಪಡುವವರು ಪ್ರಯಾಣಿಕರು. ನಾವು ಕೊನೆ ಡಬ್ಬಿಯ ಹಿಂದಿನ ಕೆಂಪು ದೀಪ ಕಾಣುವವರೆಗೆ ಸುಮ್ಮನಿರಬೇಕು. ಅದು ಕಂಡರೆ ಗಾಡಿ ಪೂರ್ತಿ ಬಂದಿದೆ ಎಂದು ಅರ್ಥ. ಒಂದು ಸಲ ಕಾಣಲಿಲ್ಲ. ಕೊಂಡಿ ಕಳಚಿ ಅರ್ಧ ಗಾಡಿ ಹಿಂದೆ ಎಲ್ಲೋ ಬಯಲಿನಲ್ಲಿ ನಿಂತಿತ್ತು. ಇಲ್ಲಿ ಎಲ್ಲರೂ ಇಳಿದು ನಗುತ್ತಾ ಮನೆಗೆ ಹೋಗುತ್ತಿದ್ದಾರೆ, ಅಲ್ಲಿ ಅರ್ಧ ಗಾಡಿ.

"ಆಮೇಲೆ ಸಿಕ್ತಾ?" ಎಂದ.

"ಏನು?"

"ಆ ಅರ್ಧ ಗಾಡಿ."

"ಸಿಕ್ತು. ಎಂಜಿನ್ ಕಳಿಸಿ ಎಳ್ಕೊಂಡು ಬಂದ್ವಿ."

"ಮತ್ತಿನ್ನೇನು?" ಎಂದು ಎದ್ದು ನನಗೆ ಟೀ ಮಾಡಲು ಹೋದ. ಸಕ್ಕರೆ ಹೆಚ್ಚು ಹಾಕಿದ್ದ. ಕುಡಿದೆ.


ಡಿಸೆಂಬರ್ 24

ಫೋನ್ ಬರಲಿಲ್ಲ. ನಾನೇ ಮಾಡಿದೆ. ಹಾಗೆಯೇ ಇದ್ದಾಳಂತೆ. ರಿಪೀಟ್ ಮಾಡಲಿಲ್ಲ.

ಬೀದಿಯಲ್ಲಿ ಹಾಡುವವರು ಬಂದಿದ್ದರು. ರಾಗ ನಮ್ಮದೇ, ಮಾತು ಬೇರೆ. ಪರದೆ ಎಳೆದು ನಿಂತೆ.


ಡಿಸೆಂಬರ್ 25

ಬೆಳಿಗ್ಗೆ ಗುಬ್ಬಿಗೆ ಹೊಸ ಬಟ್ಟೆ ತೆಗೆದಿಟ್ಟೆ. ಹಾಕಿಕೊಳ್ಳುವುದಿಲ್ಲ ಎಂದಳು.

"ಇವತ್ತು ಕ್ರಿಸ್‌ಮಸ್ ಕಣೇ."

"ಅಲ್ಲ. ಅಮ್ಮ ಬಂದಿಲ್ಲ. ಬಂದ ದಿನ ಕ್ರಿಸ್‌ಮಸ್."

"ಅದು ನಾವು ಹೇಳಿದ ದಿನ ಬರೋದಲ್ಲ. ಇಡೀ ಪ್ರಪಂಚಕ್ಕೆ ಇವತ್ತೇ."

"ಪ್ರಪಂಚದ ಅಮ್ಮ ಮನೇಲಿದ್ದಾಳೆ."

ಹೊಸ ಬಟ್ಟೆಯನ್ನು ಮಡಚಿ ಒಳಗಿಟ್ಟೆ. ಬೇಕರಿಯವನು ಕಳಿಸಿದ ಕೇಕನ್ನು ಅವಳೇ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು, ಮುಂದೆ ಬದನೆಕಾಯಿ ಜೋಡಿಸಿ ಮರೆಮಾಡಿದಳು. ನಾನು ತಿಂದುಬಿಡುತ್ತೇನೆ ಎಂಬ ಅನುಮಾನ. ಅನ್ನ ಸಾರು ಮಾಡಿದೆ. ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕೂತರೆ ನಾಲಗೆಗೆ ಬರುವುದು ಬರೀ "ಕರ್ತನೇ, ಕರ್ತನೇ". ಮುಂದಿನ ಮಾತು ಇಲ್ಲ. ಗುಬ್ಬಿ ಒಂದು ಕಣ್ಣು ತೆರೆದು ನೋಡಿ "ಆಮೆನ್" ಎಂದು ತಾನೇ ಮುಗಿಸಿದಳು.

ಪಾತ್ರೆ ತೊಳೆಯುತ್ತಿದ್ದಾಗ ಜೇಬು ನಡುಗಿತು. ಕೈಯೆಲ್ಲ ಸೋಪು. ನರ್ಸಮ್ಮ. ನಾನು ಬೆಗ್ ಟು ಇನ್‌ಕ್ವಾಯರ್ ಎನ್ನುವ ಮೊದಲೇ ಅವಳೇ ಶುರು ಮಾಡಿದಳು.

"ಸರ್, ನಿಮ್ಮ ಮಗಳು ಕಣ್ಣು ಬಿಟ್ರು. ನೀರು ಕೇಳಿದ್ರು. ಐ ರಿಪೀಟ್. ಕಣ್ಣು ಬಿಟ್ರು. ನೀರು ಕೇಳಿದ್ರು. ಸರ್? ಈಗ ನೀವು ಹೇಳಬೇಕು."

ಸೋಪಿನ ಕೈ ಅಂಗಿಗೆ ಒರೆಸಿ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ. ನರ್ಸಮ್ಮ ಫೋನ್ ಇಡದೆ ಕಾದಳು, ಹಬ್ಬದ ದಿನ ಎಷ್ಟು ಕೆಲಸವಿತ್ತೋ. ಕೊನೆಗೆ "ವಾಟರ್" ಎಂದೆ. "ಕರೆಕ್ಟ್" ಎಂದಳು. ಮಗಳು ಇನ್ನೊಂದು ಮಾತು ಕೇಳಿದ್ದಾಳಂತೆ: ನಕ್ಷತ್ರ ಹಾಕಿದ್ದಾರಾ ಎಂದು.

"ಟೆಲ್ ಹರ್, ನಾಟ್ ಯೆಟ್."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.


ಡಿಸೆಂಬರ್ 29

ಇವತ್ತು ಹೋಗಲು ಬಿಟ್ಟರು. ಮಕ್ಕಳನ್ನು ಬಿಡುವುದಿಲ್ಲ, ಗುಬ್ಬಿ ಬೇಕರಿಯಲ್ಲಿ ಉಳಿದಳು. ಬಸ್ಸಿನಲ್ಲಿ ಹೋದೆ. ಪ್ರತಿ ಸಿಗ್ನಲ್ಲಿನಲ್ಲೂ ಬಸ್ಸು ನಿಂತಿತು, ನನಗೆಂದೇ.

ಮಗಳು ಗೋಡೆಯ ಬಣ್ಣವೇ ಆಗಿದ್ದಾಳೆ. ಕೈ ಹಿಡಿದರೆ ಬರೀ ಮೂಳೆ. ಮಗುವನ್ನು ಗಾಜಿನಾಚೆಯಿಂದ ನೋಡಿದೆ. ಅಂಗೈಯಷ್ಟು ಮುಖ, ಅದರಲ್ಲೂ ಹುಬ್ಬು ಗಂಟಿಕ್ಕಿದೆ, ನಮ್ಮ ಕಡೆಯ ಹುಬ್ಬು. ಮೂಗಿನಲ್ಲಿ ನಳಿಕೆ. ಪಕ್ಕದ ಯಂತ್ರದ ಮೇಲಿನ ದೀಪಗಳನ್ನು ನೋಡದಿರಲು ಪ್ರಯತ್ನಪಟ್ಟೆ. ಮಗುವಿಗೆ ಉಸಿರು ನೆನಪಿಸಲು ಆಗಾಗ ತಟ್ಟಬೇಕಂತೆ, ಮರೆತುಬಿಡುತ್ತದಂತೆ. ಉಸಿರನ್ನು ಮರೆಯುತ್ತದೆ! ಅಲ್ಲೇ ನಿಂತು ಅದರ ಜೊತೆ ನಾನೂ ಉಸಿರಾಡಿದೆ. ತಲೆ ಸುತ್ತು ಬಂತು.

ಮಗಳು ಕೇಳಿದಳು. "ಯಾಕೆ ಹಾಕಿಲ್ಲ ಅಪ್ಪ?"

"ಕೆಂಪು ಅದು."

"ಕೆಂಪೇ ಬೇಕು ಅಂತ ಮೂರು ಅಂಗಡಿ ತಿರುಗಿದ್ದೀನಿ, ಈ ಹೊಟ್ಟೆ ಇಟ್ಕೊಂಡು."

"ಯಾಕಮ್ಮ, ಬೇರೆ ಬಣ್ಣ ಇರ್ಲಿಲ್ವಾ?"

ಅವಳು ನಕ್ಕಳು, ಹೊಲಿಗೆ ಎಳೆದು ಮುಖ ಹಿಂಡಿದಳು. "ರೈಲ್ವೆ ಕ್ವಾಟ್ರಸ್‌ನಲ್ಲಿದ್ದಾಗ ಸಂಜೆ ಗಾಡಿ ಹೋಗೋವರೆಗೂ ನೀವು ಊಟಕ್ಕೆ ಬರ್ತಿರ್ಲಿಲ್ಲ. ನಾನೂ ಅಮ್ಮನೂ ಕಿಟಕೀಲಿ ನಿಂತ್ಕೊಂಡು ಆ ಕೊನೇ ಡಬ್ಬಿ ಕೆಂಪು ದೀಪ ಕಾಯ್ತಿದ್ವಿ. ಅದು ಹೋಯ್ತು ಅಂದ್ರೆ ಅಮ್ಮ ತಟ್ಟೆ ಇಡೋರು. ಕೆಂಪು ಬಂತು, ಅಪ್ಪ ಬಂದ್ರು ಅಂತ."

ನನಗೆ ಗೊತ್ತಿರಲಿಲ್ಲ. ಹೆಂಡತಿಯೂ ಯಾವತ್ತೂ ಹೇಳಿರಲಿಲ್ಲ, ತಟ್ಟೆ ಇಟ್ಟು ಕರೆಯುತ್ತಿದ್ದಳು ಅಷ್ಟೆ. ನಾನು ಪ್ಲಾಟ್‌ಫಾರಂ ಮೇಲಿಂದ ನೋಡುತ್ತಿದ್ದದ್ದನ್ನೇ ಅವರು ಕಿಟಕಿಯಿಂದ ನೋಡುತ್ತಿದ್ದರು.

ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಳಿಯುವ ಜಾಗ ದಾಟಿ ಹೋಗಿಬಿಟ್ಟೆ, ನಡೆದುಕೊಂಡು ವಾಪಸು ಬಂದೆ.


ಜನವರಿ 3

ಮಗಳು ಮನೆಗೆ ಬಂದಳು. ಮಗು ಅಲ್ಲೇ. ತೂಕ ಏರಬೇಕು, ಉಸಿರು ಮರೆಯುವುದು ನಿಲ್ಲಬೇಕು. ಮಗಳು ಬಾಟಲಿಯಲ್ಲಿ ಹಾಲು ತೆಗೆದಿಡುತ್ತಾಳೆ, ಬೇಕರಿಯ ವ್ಯಾನು ಬನ್ನಿನ ಜೊತೆ ಅದನ್ನೂ ಆಸ್ಪತ್ರೆಗೆ ಒಯ್ಯುತ್ತದೆ.

ಗುಬ್ಬಿ ಈಗ ಕ್ರಿಸ್‌ಮಸ್ ಮಾಡಬಹುದಾ ಎಂದು ತಾಯಿಯನ್ನು ಕೇಳಿದಳು. ಮಗಳು ನನ್ನ ಮುಖ ನೋಡಿದಳು.

"ಕೊನೇ ಡಬ್ಬಿ ಬರಲಿ" ಎಂದೆವು, ಇಬ್ಬರೂ ಒಟ್ಟಿಗೆ.

ಬೀದಿಯವರೆಲ್ಲ ದೀಪ ಇಳಿಸುತ್ತಿದ್ದಾರೆ. ಎದುರು ಮನೆಯ ಅಜ್ಜಿಯ ಏಣಿ ಕೇಳಿ ತಂದಿಟ್ಟುಕೊಂಡೆ. ಫ್ರಿಜ್ಜಿನಲ್ಲಿ ಕೇಕಿನ ಮುಂದಿನ ಬದನೆಕಾಯಿ ಮಾತ್ರ ಕೊಳೆತಿದೆ, ಗುಬ್ಬಿ ತೆಗೆಯಲು ಬಿಡುತ್ತಿಲ್ಲ.


ಜನವರಿ 9

ಮಗುವನ್ನು ಕರೆತರಲು ಹೋಗಿದ್ದಾರೆ. ಇವತ್ತು ಕೊಡುತ್ತೇವೆ ಎಂದಿದ್ದಾರೆ. ಕೊನೆಯ ಪರೀಕ್ಷೆ ಒಂದು ಬಾಕಿ, ಸರಿಯಿದ್ದರೆ ಎಂದರು. ಸರಿಯಿದ್ದರೆ. ಇಂಗ್ಲಿಷಿನಲ್ಲಿ ಇಫ್. ಎಷ್ಟು ಚಿಕ್ಕ ಮಾತು, ಅದರೊಳಗೆ ಬೆಳಗಿನಿಂದ ಕೂತಿದ್ದೇನೆ. ಬೇಕರಿಯವನ ವ್ಯಾನಿನಲ್ಲಿ ಮಗಳು, ಗುಬ್ಬಿ ಇಬ್ಬರೂ ಹೋದರು. ನನಗೂ ಜಾಗವಿತ್ತು. ಮನೆಯಲ್ಲಿ ಒಬ್ಬರು ಇರಬೇಕು ಎಂದೆ.

ಮಧ್ಯಾಹ್ನ ಏಣಿ ಹತ್ತಿದೆ. ಕೆಳಗಿನಿಂದ ಎದುರು ಮನೆ ಅಜ್ಜಿ ಹಿಡಿದುಕೊಂಡಿದ್ದಳು, ಅವಳಿಗೆ ನನಗಿಂತ ವಯಸ್ಸು.

"ಕ್ರಿಸ್‌ಮಸ್ ಮುಗಿದು ಎಷ್ಟೋ ದಿನ ಆಯ್ತು!" ಎಂದು ಅವಳ ಇಂಗ್ಲಿಷಿನಲ್ಲಿ ಕೂಗಿದಳು.

"ನೋ ಮೇಡಂ" ಎಂದೆ. "ರನ್ನಿಂಗ್ ಲೇಟ್."

ಅವಳು ನಕ್ಕಿದ್ದಕ್ಕೆ ಏಣಿ ಅಲ್ಲಾಡಿತು. ನಕ್ಷತ್ರ ಈಗ ಬಾಗಿಲ ಮೇಲೆ ತೂಗುತ್ತಿದೆ, ಪ್ಲಾಸ್ಟರಿನ ಮೂಲೆ ಬೀದಿಗೆ ಕಾಣುವ ಹಾಗೆ. ಇನ್ನೂ ಸ್ವಿಚ್ ಹಾಕಿಲ್ಲ. ಕೇಕು ಹೊರಗೆ ತೆಗೆದಿಟ್ಟೆ. ತಟ್ಟೆ ಇಟ್ಟೆ. ಮಗುವಿಗೂ ಒಂದು ಇಟ್ಟುಬಿಟ್ಟಿದ್ದೇನೆ, ಈಗ ಗೊತ್ತಾಯಿತು. ಇರಲಿ.

ಫೋನ್ ಬಂದಿಲ್ಲ. ಹೊರಟರೋ, ಪರೀಕ್ಷೆ ಸರಿಬರಲಿಲ್ಲವೋ. ನಿಯಮದ ಪ್ರಕಾರ ಸುದ್ದಿ ಬರಬೇಕು, ನಾನು ಅದನ್ನು ಒಪ್ಪಿಸಬೇಕು, ಆಮೇಲೆ ದೀಪ. ಅದೂ ಕೊನೆ ಡಬ್ಬಿಯ ದೀಪವನ್ನು ಗಾಡಿ ತರಬೇಕೇ ಹೊರತು ಸ್ಟೇಷನ್ನಿನವನು ಮೊದಲೇ ಹಚ್ಚಿಡುವುದಲ್ಲ. ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಹಾಗೆ ಮಾಡಿಲ್ಲ.

ಆದರೆ ತಿರುವಿನಿಂದಲೇ ಕಾಣಬೇಕು ಎಂದಿದ್ದಳು ಮಗಳು.

ಅಕ್ಷರ ಮಸುಕಾಗುತ್ತಿದೆ, ಕನ್ನಡಕ ಒರೆಸಿದರೂ ಅಷ್ಟೇ. ಓ, ಬೆಳಕು ಹೋಗುತ್ತಿದೆ. ಏಳುತ್ತೇನೆ, ನಕ್ಷತ್ರದ ಸ್ವಿಚ್ ಹಾಕಬೇಕು.